ಈ ವರ್ಷದ ಪದ ಯಾರು ಕಟ್ಟೋರು?

ಜಾತ್ರೆಯ ದಿನ ಬಂದವು ಅಂದರೆ ನಮ್ಮ ಕಡೆ ಊರೂರಿಗೆ ಬ್ಯಾನರು ಏಳುತ್ತವೆ. ‘ಜಾನಪದ ಉಳಿಸಿ’ ಅಂತ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ವೇದಿಕೆ ಮೇಲೆ ಭಾಷಣ ಆಗುತ್ತದೆ. ಹಾಡೋರಿಗೆ ಒಂದು ಶಾಲು, ಒಂದು ಹಾರ. ಆಮೇಲೆ ವರ್ಷಾ ವರ್ಷ ಕೇಳಿದ ಅವೇ ನಾಲ್ಕು ಪದ. ಚಪ್ಪಾಳೆ ಹೊಡೆದು ಮನೆಗೆ ಬರುತ್ತೇವೆ. ಮನೆಯಲ್ಲಿ ಬ್ಯಾಂಕಿನ ನೋಟೀಸು, ನೀರು ಬತ್ತಿದ ಬೋರು, ಪೇಟೆಯ ರೇಟು ಎಲ್ಲ ಮೊದಲಿನ ಹಾಗೇ ಕಾಯುತ್ತಿರುತ್ತವೆ. ಅವುಗಳ ಬಗ್ಗೆ ವೇದಿಕೆ ಮೇಲೆ ಒಂದು ನುಡಿಯೂ ಬಂದಿರೋದಿಲ್ಲ.

ನನ್ನ ತಕರಾರು ಇಲ್ಲೇ ಇದೆ. ಹಳೆಯ ಪದ ಉಳಿಸೋದು ಒಳ್ಳೆಯದು, ಬೇಡ ಅನ್ನೋದಿಲ್ಲ. ಆದರೆ ಅದು ಅರ್ಧ ಕೆಲಸ. ಬೀಜವನ್ನು ಕಣಜದಲ್ಲಿ ಇಟ್ಟರೆ ಸಾಲದು, ಬಿತ್ತಬೇಕು. ಬಿತ್ತದೇ ಇಟ್ಟ ಬೀಜ ನಾಲ್ಕಾರು ವರ್ಷಕ್ಕೆ ಮೊಳಕೆ ಬಿಡೋ ಶಕ್ತಿ ಕಳಕೊಳ್ಳುತ್ತದೆ ಅಂತ ಈ ಪತ್ರಿಕೆ ಓದೋರಿಗೆ ನಾನು ಹೇಳಬೇಕಾಗಿಲ್ಲ. ಪದದ ಮಾತೂ ಅದೇ. ಇವತ್ತಿನ ಕಷ್ಟವನ್ನು ಇವತ್ತೇ ಪದ ಮಾಡಿ ಹಾಡೋ ರೂಢಿ ತಪ್ಪಿದರೆ, ನಾವು ಉಳಿಸಿದ್ದು ಬರೀ ಚೀಲ ಆಗುತ್ತದೆ, ಬೀಜ ಆಗೋದಿಲ್ಲ.

ನಾನು ಹಾವೇರಿ ಜಿಲ್ಲೆ, ಶಿಗ್ಗಾಂವಿ ತಾಲ್ಲೂಕು, ತಡಸದ ಒಣಬೇಸಾಯದ ರೈತ. ಏಳನೆಯ ಇಯತ್ತೆ ಮುಗಿಸಿ ಗಳೆ ಹಿಡಿದವ. ಗೋವಿನಜೋಳ, ಹತ್ತಿ, ಸೋಯಾ ಬೆಳೆಯುತ್ತೇನೆ. ಮಳೆ ಬಂದರೆ ಪೀಕು, ಇಲ್ಲವಾದರೆ ಇಲ್ಲ. ಮೂವತ್ತು ವರ್ಷದಿಂದ ಭಜನಿ ಮೇಳದಲ್ಲಿ ತಾಳ ಹಾಕುತ್ತ ಬಂದಿದ್ದೇನೆ. ಪಂಡಿತ ಅಲ್ಲ. ಆದರೆ ಪದ ಅನ್ನೋದು ಎಲ್ಲಿ ಹುಟ್ಟುತ್ತದೆ, ಎಲ್ಲಿ ಸಾಯುತ್ತದೆ ಅನ್ನೋದನ್ನು ಕಣ್ಣಾರೆ ಕಂಡಿದ್ದೇನೆ.

ಹಳೆಯ ಪದ ಅವತ್ತಿಗೆ ಹೊಸದು

ನಮ್ಮ ತಾಲ್ಲೂಕಿನ ದೊಡ್ಡ ಹೆಸರು ಶಿಶುನಾಳ ಶರೀಫರದು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಸಾಲಿ ಮಾಸ್ತರಿಕೆ ಮಾಡಿದವರು. ಗುರುಗಳು ಕಳಸದ ಗೋವಿಂದ ಭಟ್ಟರು. 1990ರಲ್ಲಿ ನಾಗಾಭರಣರ ಸಿನಿಮಾ ಬಂದ ಮೇಲೆ, ಸಿ. ಅಶ್ವತ್ಥರ ದನಿಯಲ್ಲಿ ಅವರ ಪದಗಳು ರಾಜ್ಯದ ತುಂಬ ಹೋದವು. ಈಗ ಎಲ್ಲರೂ ಅವರನ್ನು ಹಳೇ ಕಾಲದ ಸಂತರು ಅಂತ ಕೈ ಮುಗಿಯುತ್ತಾರೆ.

ಆದರೆ ಶರೀಫರು ಹಳೇ ಕಾಲದವರಾಗಿ ಬದುಕಲಿಲ್ಲ, ತಮ್ಮ ಕಾಲದಲ್ಲಿ ಬದುಕಿದರು. 1880ರ ದಶಕದಲ್ಲಿ ಹುಬ್ಬಳ್ಳಿಗೆ ಹತ್ತಿ ನೂಲೋ ದೊಡ್ಡ ಗಿರಣಿ ಬಂತು. ನಮ್ಮ ಸೀಮೆಯ ಜನ ಅಂಥ ಯಂತ್ರ ಅದುವರೆಗೆ ನೋಡಿರಲಿಲ್ಲ. ಆ ಗಿರಣಿಯ ಮೇಲೆ ಶರೀಫರ ಪದ ಇದೆ. ಎಪ್ಪತ್ತರ ಹತ್ತಿರ ಬಂದ ಮುದುಕರು ಹೊಸ ಯಂತ್ರದ ಮುಂದೆ ನಿಂತು, ಅದು ತಿರುಗೋದರಲ್ಲೇ ಲೋಕದ ವ್ಯವಹಾರ ಕಂಡು ಪದ ಕಟ್ಟಿದರು ಅಂದರೆ ಇವತ್ತು ನಾವು ಮೊಬೈಲಿನ ಟವರ್ ಮೇಲೆ ತತ್ವಪದ ಕಟ್ಟಿದ ಹಾಗೆ. ಸೋರೋ ಮಾಳಿಗೆ, ಬಿದ್ದ ಮುದುಕಿ, ಕುದುರೆ, ತಂಬೂರಿ - ಕಣ್ಣ ಮುಂದೆ ಇದ್ದದ್ದೇ ಅವರಿಗೆ ಪದ. ಅವರ ಪದ ಹಾಡಿ ಅವರಂಥ ಕಣ್ಣು ಬೇಡ ಅಂದರೆ ಅವರಿಗೆ ಮಾಡಿದ ಮರ್ಯಾದೆ ಏನು?

ಲಾವಣಿಯ ಕಥೆ ಇನ್ನೂ ಗಟ್ಟಿ. ಫ್ಲೀಟ್ ಅಂತ ಒಬ್ಬ ಇಂಗ್ಲಿಷ್ ಅಧಿಕಾರಿ, ಶಾಸನ ಓದೋದರಲ್ಲಿ ಹೆಸರು ಮಾಡಿದವನು, ನಮ್ಮ ಭಾಗದ ಲಾವಣಿಗಳನ್ನು ಬರೆದುಕೊಂಡು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಅನ್ನೋ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಸಂಗೊಳ್ಳಿ ರಾಯಣ್ಣನ ಬಂಡಾಯ ಅದರಲ್ಲಿ ಇದೆ. 1857ರಲ್ಲಿ ಸರ್ಕಾರ ಹತ್ಯಾರ ಕೊಡಿ ಅಂದಾಗ ಕೊಡೋದಿಲ್ಲ ಅಂತ ನಿಂತ ಹಲಗಲಿ ಬೇಡರದು ಇದೆ. ಇವು ಎಲ್ಲರಿಗೂ ಗೊತ್ತು. ಬಹಳ ಜನರಿಗೆ ಗೊತ್ತಿಲ್ಲದ್ದು ಅಂದರೆ, ಅದೇ ಗಂಟಿನಲ್ಲಿ ಆದಾಯ ತೆರಿಗೆ ಮೇಲೆ ಒಂದು ಲಾವಣಿ ಇದೆ. ಬ್ರಿಟಿಷ್ ಸರ್ಕಾರ ತೆರಿಗೆ ಹಾಕಿದ್ದು, ಜನ ಒದ್ದಾಡಿದ್ದು, ಕೊನೆಗೆ ತೆರಿಗೆ ತೆಗೆದದ್ದು. ಇವತ್ತು ಯಾರಾದರೂ ಜಿಎಸ್‌ಟಿ ಮೇಲೆ ಲಾವಣಿ ಹಾಡಿದರೆ ನಾವು ನಗುತ್ತೇವೆ. ಅವತ್ತಿನವರು ನಗಲಿಲ್ಲ, ಸುತ್ತ ಕುಳಿತು ಕೇಳಿದರು.

ಹೆಣ್ಣುಮಕ್ಕಳ ಪದವೂ ಹಾಗೇ. ವಿಜಯಪುರ ಕಡೆಯ ಹಲಸಂಗಿ ಗೆಳೆಯರು - ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ - ಊರೂರು ತಿರುಗಿ ಬೀಸೋ ಕಲ್ಲಿನ ಮುಂದಿನ ಪದ ಕೂಡಿಸಿ, 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಬೀಸೋ ಪದ ಅಂದರೆ ತವರಿನ ನೆನಪು, ಅತ್ತೆಯ ಕಾಟ, ಮಕ್ಕಳಿಲ್ಲದ ಸಂಕಟ, ತೀರಿಹೋದ ಕೂಸು. ಅದನ್ನೆಲ್ಲ ಆ ತಾಯಂದಿರು ಸಂಸ್ಕೃತಿ ಉಳಿಸೋಣ ಅಂತ ಹಾಡಲಿಲ್ಲ. ಹಗಲು ಹೇಳಲಾರದ್ದನ್ನು ಕಲ್ಲಿನ ಗದ್ದಲದಲ್ಲಿ ಹೇಳಿಕೊಂಡರು. ‘ಕೆರೆಗೆ ಹಾರ’ದಲ್ಲಿ ಕೆರೆಗೆ ನೀರು ಬರಲಿಲ್ಲ ಅಂತ ಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರಲ್ಲ, ಅದು ಬರಗಾಲದ ಪದವೇ. ಊರಿಗೆ ನೀರಿಲ್ಲದಾಗ ಅದರ ಬೆಲೆ ಮನೆಯಲ್ಲಿ ಯಾರು ತೆರುತ್ತಾರೆ ಅನ್ನೋದನ್ನು ಅದಕ್ಕಿಂತ ಚೊಕ್ಕಾಗಿ ಯಾವ ಸಮಿತಿಯ ವರದಿಯೂ ಹೇಳಲಾರದು.

ಕೆಲಸ ಹೋಯಿತು, ಪದ ಹೋಯಿತು

ಹಂತಿ ಪದ ಅಂದರೆ ಇವತ್ತಿನ ಹುಡುಗರಿಗೆ ತಿಳಿಯೋದಿಲ್ಲ. ಕಣದ ನಡುವೆ ಮೇಟಿ ಹುಗಿದು, ಸುತ್ತ ತೆನೆ ಹರವಿ, ಎತ್ತುಗಳನ್ನು ಸಾಲಾಗಿ ಕಟ್ಟಿ ತುಳಿಸೋದಕ್ಕೆ ಹಂತಿ ಹೊಡೆಯೋದು ಅಂತಾರೆ. ರಾತ್ರಿ ಹೊತ್ತು, ಚಳಿ, ಎತ್ತು ನಿಲ್ಲಬಾರದು, ಮನುಷ್ಯ ತೂಕಡಿಸಬಾರದು. ಅದಕ್ಕೆ ಪದ. ಒಬ್ಬ ಎತ್ತಿಕೊಟ್ಟರೆ ಉಳಿದವರು ದನಿಗೂಡಿಸುತ್ತಿದ್ದರು. ಆ ಕಣದಲ್ಲೇ ಊರ ಸುದ್ದಿ, ಯಾರ ಸಾಲ ಎಷ್ಟು, ಯಾರ ಮನೆಗೆ ಮದುವೆ, ಎಲ್ಲ ತಿರುಗುತ್ತಿತ್ತು.

ಈಗ ರಾಶಿ ಯಂತ್ರ ಬಂದಿದೆ. ಎರಡು ದಿನದ ಕೆಲಸ ಎರಡು ತಾಸಿನಲ್ಲಿ ಮುಗಿಯುತ್ತದೆ. ಯಂತ್ರದ ಗದ್ದಲದಲ್ಲಿ ಮಾತೇ ಕೇಳೋದಿಲ್ಲ, ಪದ ಎಲ್ಲಿ ಕೇಳಬೇಕು? ಹಿಟ್ಟಿನ ಗಿರಣಿ ಬಂದು ಬೀಸೋ ಪದ ಹೋಯಿತು. ಅಕ್ಕಿ ಗಿರಣಿ ಬಂದು ಕುಟ್ಟೋ ಪದ ಹೋಯಿತು. ಕಳೆನಾಶಕ ಬಂದು ಕಳೆ ತೆಗೆಯೋರ ಸಾಲೂ ಹೋಯಿತು, ಆ ಸಾಲಿನ ಸೊಲ್ಲೂ ಹೋಯಿತು.

ಇದಕ್ಕೆ ಕಣ್ಣೀರು ಹಾಕೋದರಲ್ಲಿ ಅರ್ಥ ಇಲ್ಲ. ನಮ್ಮವ್ವ ಬೆಳಗಿನ ನಾಲ್ಕಕ್ಕೆ ಎದ್ದು ಬೀಸುತ್ತಿದ್ದಳು. ಅಂಗೈ ತುಂಬ ದಡ್ಡು ಬಿದ್ದಿತ್ತು. ಗಿರಣಿ ಬಂದ ದಿನ ದೇವರಿಗೆ ಕಾಯಿ ಒಡೆಸಿದವಳು ಅವಳೇ. ಪದ ಉಳಿಯಲಿ ಅಂತ ಬೀಸೋ ಕಲ್ಲು ಮರಳಿ ತರಬೇಕು ಅನ್ನೋರು ಮೊದಲು ತಾವೇ ಒಂದು ಸೇರು ಜೋಳ ಬೀಸಿ ನೋಡಲಿ. ಆ ಕೆಲಸ ಹೋದದ್ದು ಒಳ್ಳೆಯದೇ ಆಯಿತು. ಆದರೆ ಕಷ್ಟ ಹೋಗಲಿಲ್ಲ, ಬೇರೆ ರೂಪ ತಾಳಿತು. ಕೈ ದಡ್ಡು ಹೋಗಿ ಕಂತು ಬಂತು. ಹೊಸ ಕಷ್ಟಕ್ಕೆ ಹೊಸ ಪದ ಹುಟ್ಟಬೇಕಿತ್ತು. ಅದು ಹುಟ್ಟಿಲ್ಲ, ಅಥವಾ ಹುಟ್ಟಿದರೂ ವೇದಿಕೆ ಹತ್ತಿಲ್ಲ.

ಹತ್ತಿ ಹೊಲದ ಅಕ್ಕಪಕ್ಕದವರು

ಇಲ್ಲಿ ಸ್ವಲ್ಪ ದೂರ ಹೋಗಿ ಬರೋಣ, ಅಮೆರಿಕಕ್ಕೆ. ನಮಗೂ ಅವರಿಗೂ ಹತ್ತಿಯ ನೆಂಟಸ್ತನ ಹಳೆಯದು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿ, ಅಲ್ಲಿಯ ಬೀಜ ನಮ್ಮ ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ಅದೇ ಮುಂದೆ ‘ಧಾರವಾಡ ಅಮೆರಿಕನ್’ ಹತ್ತಿ ಅಂತ ಹೆಸರಾಯಿತು. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಿತು. ಆಗ ನಮ್ಮ ಹತ್ತಿಗೆ ಬಂಗಾರದ ಬೆಲೆ. ಯುದ್ಧ ಮುಗಿದ ಕೂಡಲೇ ಬೆಲೆ ನೆಲ ಕಚ್ಚಿತು. ಎಲ್ಲೋ ಸಮುದ್ರದಾಚೆ ನಡೆದದ್ದಕ್ಕೆ ನಮ್ಮ ಪೇಟೆ ಕುಣಿಯೋದು ಇವತ್ತಿನ ರೋಗ ಅಲ್ಲ.

ಆ ಯುದ್ಧ ಮುಗಿದ ಮೇಲೆ ಅಲ್ಲಿಯ ಕರಿಯ ಜನರಿಗೆ ಗುಲಾಮಗಿರಿ ತಪ್ಪಿತು. ಹೊಲ ಮಾತ್ರ ಬರಲಿಲ್ಲ. ಅದೇ ಧಣಿಯ ಹೊಲವನ್ನು ಪಾಲಿಗೆ ಮಾಡಿದರು. ಬೀಜ, ಕಾಳು, ಬಟ್ಟೆ ಎಲ್ಲ ಧಣಿಯ ಅಂಗಡಿಯಲ್ಲೇ ಉದ್ರಿ. ಹತ್ತಿ ಬಿಡಿಸಿ ಲೆಕ್ಕ ಮಾಡಿದರೆ ವರ್ಷದ ಕೊನೆಗೆ ಮತ್ತೆ ಸಾಲವೇ ಉಳಿಯುತ್ತಿತ್ತು. ಆ ಜನ ಹೊಲದಲ್ಲಿ ಹಾಡಿದ್ದೇ ಮುಂದೆ ‘ಬ್ಲೂಸ್’ ಅನ್ನೋ ಸಂಗೀತ ಆಯಿತು. ನಮ್ಮ ಕಡೆ ಕರಾರಿನ ಮೇಲೆ ಹೊಲ ಮಾಡೋದಕ್ಕೂ ಲಾವಣಿ ಅಂತಾರೆ, ಹಾಡೋದಕ್ಕೂ ಲಾವಣಿ ಅಂತಾರೆ. ಅವರಿಗೆ ನಿಜಕ್ಕೂ ಎರಡೂ ಒಂದೇ ಆಗಿದ್ದವು.

ನಮ್ಮ ಅಣ್ಣನ ಮಗ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿ ಇದ್ದಾನೆ. ಅವನು ಮೊಬೈಲಿನಲ್ಲಿ ಅವರ ಒಂದು ಹುಳದ ಪದ ಹಾಕಿ, ಒಂದೊಂದು ನುಡಿ ಬಿಡಿಸಿ ಹೇಳಿದ. ಬೋಲ್ ವೀವಿಲ್ ಅನ್ನೋದು ಹತ್ತಿ ಕಾಯಿ ತಿನ್ನೋ ಸೊಂಡಿಲು ಹುಳ. 1892ರ ಸುಮಾರಿಗೆ ಮೆಕ್ಸಿಕೋ ಗಡಿ ದಾಟಿ ಟೆಕ್ಸಾಸಿಗೆ ಬಂತು. ಮೂವತ್ತು ವರ್ಷದಲ್ಲಿ ದಕ್ಷಿಣದ ಹತ್ತಿ ನಾಡನ್ನೆಲ್ಲ ತಿಂದುಹಾಕಿತು. ಅದರ ಮೇಲೆ ಜನ ಪದ ಕಟ್ಟಿದರು. ಹುಳವೂ ರೈತನೂ ಎದುರು ಬದುರು ಮಾತಾಡೋ ಪದ. ರೈತ ಏನು ಮಾಡಿದರೂ ಹುಳ ಬಗ್ಗೋದಿಲ್ಲ, ನನಗೂ ಒಂದು ಮನೆ ಬೇಕು ಅಂತದೆ. ಚಾರ್ಲಿ ಪ್ಯಾಟನ್ ಅನ್ನೋ ಹಾಡುಗಾರ 1929ರಲ್ಲಿ ಅದನ್ನು ರೆಕಾರ್ಡಿಗೆ ಹಾಡಿದ. ಅಲ್ಲಿಯೂ ನಮ್ಮ ಹಲಸಂಗಿ ಗೆಳೆಯರಂಥವರು ಇದ್ದರು. ಲೋಮ್ಯಾಕ್ಸ್ ಅಂತ ಅಪ್ಪ ಮಗ ಯಂತ್ರ ಹೊತ್ತು ಊರೂರು ತಿರುಗಿ ಇಂಥವನ್ನು ಕೂಡಿಸಿದರು. ಅಲಬಾಮಾ ಪ್ರಾಂತದ ಎಂಟರ್‌ಪ್ರೈಸ್ ಅನ್ನೋ ಊರಿನವರು ಹತ್ತಿ ಬಿಟ್ಟು ಶೇಂಗಾ ಹಾಕಿ ಬದುಕಿಕೊಂಡರು. 1919ರಲ್ಲಿ ಆ ಹುಳದ ಹೆಸರಲ್ಲೇ ಪೇಟೆಯ ನಡುವೆ ಒಂದು ಸ್ಮಾರಕ ನಿಲ್ಲಿಸಿದರು. ಹುಳ ಕಲಿಸಿದ ಪಾಠ ಮರೆಯಬಾರದು ಅಂತ ಇರಬೇಕು.

ಇನ್ನೊಬ್ಬನ ಹೆಸರು ವುಡಿ ಗತ್ರಿ. 1912ರಲ್ಲಿ ಒಕ್ಲಹೋಮಾದಲ್ಲಿ ಹುಟ್ಟಿದವನು. ಆ ಕಡೆಯ ಹುಲ್ಲುಗಾವಲನ್ನೆಲ್ಲ ಗೋದಿಯ ಆಸೆಗೆ ಟ್ರ್ಯಾಕ್ಟರ್ ಹಚ್ಚಿ ಉತ್ತರು. 1930ರ ದಶಕದಲ್ಲಿ ಗೋದಿಯ ಬೆಲೆ ಬಿತ್ತು, ಮಳೆ ಹೋಯಿತು, ಹಿಡಿದಿಡೋ ಹುಲ್ಲಿನ ಬೇರಿಲ್ಲದ ಮೇಲ್ಮಣ್ಣು ಗಾಳಿಗೆ ಎದ್ದಿತು. 1934ರ ಮೇ ತಿಂಗಳಲ್ಲಿ ಆ ಧೂಳು ಸಾವಿರಾರು ಕಿಲೋಮೀಟರ್ ದೂರದ ಪೂರ್ವ ಕರಾವಳಿಯ ಪಟ್ಟಣಗಳ ಮೇಲೂ ಬಿತ್ತು. 1935ರ ಏಪ್ರಿಲ್ 14ರ ಭಾನುವಾರ ನಡುಹಗಲೇ ಕತ್ತಲಾಯಿತು. ಅದೇ ತಿಂಗಳು ಅಲ್ಲಿಯ ಸರ್ಕಾರ ಮಣ್ಣು ಸಂರಕ್ಷಣೆಯ ಕಾನೂನು ಮಾಡಿತು. ಲಕ್ಷಾಂತರ ಜನ ಗುಳೆ ಎದ್ದರು. ವುಡಿ ಗತ್ರಿ ಅವರ ಜೊತೆ ತಾನೂ ತಿರುಗಿ ಧೂಳಿನ ಪದ, ಬಿಟ್ಟು ಬಂದ ಹೊಲದ ಪದ, ದುಡ್ಡಿಲ್ಲದವರು ಕ್ಯಾಲಿಫೋರ್ನಿಯಾಕ್ಕೆ ಹೋದರೆ ಏನಾಗುತ್ತದೆ ಅನ್ನೋ ಎಚ್ಚರಿಕೆಯ ಪದ ಕಟ್ಟಿದ. 1940ರಲ್ಲಿ ಅವು ರೆಕಾರ್ಡಾಗಿ ಬಂದವು.

ಕೇಳಿ ಮುಗಿದ ಮೇಲೆ ನಮ್ಮ ಮೇಳದ ಹಿರಿಯರೊಬ್ಬರು ಅಂದರು: ‘ಭಾಷಾ ತಿಳೀಲಿಲ್ಲ, ಖರೆ. ಆದರ ಇದು ಗುಳೇ ಹೋದವರ ದನಿ ಅನ್ನೋದು ತಿಳೀತು.’ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋದವರು ನಮ್ಮಲ್ಲೂ ಕಡಿಮೆ ಇಲ್ಲವಲ್ಲ.

ನಮ್ಮ ಹುಳಕ್ಕೆ ಪದ ಇಲ್ಲ

ಈಗ ನಮ್ಮ ಲೆಕ್ಕ ನೋಡೋಣ. 2018ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಶಿವಮೊಗ್ಗದ ಗೋವಿನಜೋಳದಲ್ಲಿ ಫಾಲ್ ಸೈನಿಕ ಹುಳ ಮೊದಲ ಸಲ ಕಂಡಿತು. ಇಡೀ ಭಾರತಕ್ಕೇ ಅದು ಮೊದಲು. ಆ ಹುಳದ ಮೂಲ ಅಮೆರಿಕ ಖಂಡ. ಕೆಲವೇ ತಿಂಗಳಲ್ಲಿ ಅದು ದೇಶದ ತುಂಬ ಹಬ್ಬಿತು. ಸುಳಿಯಲ್ಲಿ ಕುಳಿತು ಲದ್ದಿ ಹಾಕಿ, ಎಲೆ ಜರಡಿ ಮಾಡಿ, ಎಷ್ಟು ಜನರ ಪೀಕು ತಿಂದಿತು, ಎಷ್ಟು ಔಷಧದ ಬಿಲ್ಲು ಮಾಡಿಸಿತು ಅಂತ ನಮ್ಮ ಜಿಲ್ಲೆಯ ಪ್ರತಿ ರೈತನಿಗೂ ಗೊತ್ತು. ಅವರ ಹುಳಕ್ಕೆ ಪದ ಬಂತು. ನಮ್ಮ ಹುಳಕ್ಕೆ ಒಂದು ನುಡಿಯೂ ನಾನು ಯಾವ ವೇದಿಕೆಯ ಮೇಲೂ ಕೇಳಿಲ್ಲ.

2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಜೀವ ಹೋದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸಾರಿದರು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ರೇಟು ಬಿತ್ತು ಅಂತ ಸಿಟ್ಟಿಗೆದ್ದವರು ಮಾರುಕಟ್ಟೆಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. 2025-26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಅಂತ ಇತ್ತು. ರಾಶಿ ಪೇಟೆಗೆ ಬಂದಾಗ ನೂರಾರು ರೂಪಾಯಿ ಕಡಿಮೆಗೆ ಕೇಳಿದರು, ರೈತರು ರಸ್ತೆಗೆ ಇಳಿದರು. ನೂರೈವತ್ತು ವರ್ಷದ ಹಿಂದಿನ ಲಾವಣಿಕಾರನಿಗೆ ಇವು ಒಂದೊಂದೂ ಒಂದೊಂದು ರಾತ್ರಿಯ ಪದ ಆಗುತ್ತಿದ್ದವು. ನಮಗೆ ಎರಡು ದಿನದ ಪೇಪರ್ ಸುದ್ದಿ ಆಗಿ ಹೋದವು.

ಹೊಸ ಪದ ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಉತ್ತರ ಕರ್ನಾಟಕದ ಹುಡುಗರು ಕಟ್ಟಿ ಯೂಟ್ಯೂಬಿಗೆ ಬಿಡೋ ಪದ ಲಕ್ಷಗಟ್ಟಲೆ ಜನ ಕೇಳುತ್ತಾರೆ. ಡಿಜೆ ಹಚ್ಚಿ ಕುಣಿಯುತ್ತಾರೆ. ಮರ್ಯಾದಸ್ಥರು ಮೂಗು ಮುರಿಯುತ್ತಾರೆ. ನಾನು ಮುರಿಯೋದಿಲ್ಲ. ಅವರ ಭಾಷೆ ನಮ್ಮ ಭಾಷೆ, ಅವರ ಪದದಲ್ಲಿ ಮೊಬೈಲ್ ಇದೆ, ಡ್ರೈವರ್ ಇದ್ದಾನೆ, ಕೈಕೊಟ್ಟ ಹುಡುಗಿ ಇದ್ದಾಳೆ. ಬದುಕಿರೋ ಜಾನಪದ ಇವತ್ತು ವೇದಿಕೆಗಿಂತ ಹೆಚ್ಚು ಅಲ್ಲೇ ಇದೆ. ನನ್ನ ಕೊರತೆ ಒಂದೇ. ಟ್ರ್ಯಾಕ್ಟರಿನ ಮೇಲೆ ಬೇಕಾದಷ್ಟು ಪದ ಇವೆ, ಟ್ರ್ಯಾಕ್ಟರಿನ ಕಂತಿನ ಮೇಲೆ ಇಲ್ಲ. ಹೊಲ ಮಾಡೋ ಹುಡುಗನಿಗೆ ಹೆಣ್ಣು ಕೊಡೋರಿಲ್ಲ ಅನ್ನೋ ಸಂಕಟ ಪ್ರತಿ ಊರಲ್ಲೂ ಇದೆ. ಅದನ್ನು ಹುಡುಗಿಯ ಮೋಸ ಅಂತ ಹಾಡುತ್ತಾರೆ, ಹೊಲದ ಲೆಕ್ಕ ಅಂತ ಹಾಡೋದಿಲ್ಲ.

ಸ್ಪರ್ಧೆಗಳದ್ದು ಬೇರೆ ಕಥೆ. ಕೆಲವು ವರ್ಷದ ಹಿಂದೆ ಒಂದು ಕಡೆ ಭಜನಿ ಸ್ಪರ್ಧೆಗೆ ನಮ್ಮ ಮೇಳ ಹೋಗಿತ್ತು. ನಮ್ಮ ಹುಡುಗನೊಬ್ಬ ಹಳೆಯ ಧಾಟಿಗೆ ಬೆಳೆ ವಿಮೆಯ ಮೇಲೆ ನಾಲ್ಕು ನುಡಿ ಕಟ್ಟಿದ್ದ. ಹಣ ಕಟ್ಟೋವಾಗ ಸಾಲು ಉದ್ದ, ಪರಿಹಾರ ಬರೋವಾಗ ಹೆಸರಿಲ್ಲ ಅನ್ನೋ ಅರ್ಥದ್ದು. ಕೇಳಿದ ಜನ ಎದ್ದು ನಿಂತು ಶಿಳ್ಳೆ ಹೊಡೆದರು. ತೀರ್ಪುಗಾರರು ‘ಇದು ಮೂಲ ಜಾನಪದ ಅಲ್ಲ’ ಅಂತ ಅಂಕ ಕಳೆದರು. ಆ ಹುಡುಗ ಆಮೇಲೆ ಪದ ಕಟ್ಟಲಿಲ್ಲ. ಮೂಲ ಅಂದರೆ ಏನು? ಆದಾಯ ತೆರಿಗೆಯ ಲಾವಣಿ ಕಟ್ಟಿದವನಿಗೆ ಇಂಥ ತೀರ್ಪುಗಾರ ಸಿಕ್ಕಿದ್ದರೆ ಫ್ಲೀಟ್ ಸಾಹೇಬನಿಗೆ ಬರೆದುಕೊಳ್ಳೋಕೆ ಏನೂ ಇರುತ್ತಿರಲಿಲ್ಲ.

ಪದ ಹಾಡಿದರೆ ಸಾಲ ತೀರುತ್ತದೆಯೇ?

ಇದನ್ನು ಕೇಳಿಯೇ ಕೇಳುತ್ತಾರೆ. ತೀರೋದಿಲ್ಲ. ವುಡಿ ಗತ್ರಿ ಹಾಡಿದ್ದಕ್ಕೆ ಒಕ್ಲಹೋಮಾದಲ್ಲಿ ಮಳೆ ಬರಲಿಲ್ಲ. ಹುಳದ ಪದಕ್ಕೆ ಹುಳ ಸಾಯಲಿಲ್ಲ. 1985ರಲ್ಲಿ ಅಮೆರಿಕದ ರೈತರು ಸಾಲಕ್ಕೆ ಸಿಕ್ಕು ಹೊಲ ಕಳಕೊಳ್ಳುತ್ತಿದ್ದಾಗ ವಿಲ್ಲಿ ನೆಲ್ಸನ್ ಅನ್ನೋ ಹಾಡುಗಾರ, ಗೆಳೆಯರನ್ನು ಕೂಡಿಸಿ ‘ಫಾರ್ಮ್ ಏಡ್’ ಅಂತ ದೊಡ್ಡ ಹಾಡಿನ ಮೇಳ ಮಾಡಿ ರೈತರಿಗಾಗಿ ಹಣ ಎತ್ತಿದ. ಇಂದಿಗೂ ಅದು ನಡೆಯುತ್ತಿದೆ. ಆದರೂ ಅಲ್ಲಿಯ ಸಣ್ಣ ರೈತನ ಸಾಲ ಮುಗಿದಿಲ್ಲ.

ಹಾಗಾದರೆ ಪದ ಯಾಕೆ? ನನಗೆ ತಿಳಿದದ್ದು ಹೇಳುತ್ತೇನೆ. 2023ರ ಬರದ ಮುಂದಿನ ಬೇಸಿಗೆಯಲ್ಲಿ ನಮ್ಮ ಸೀಮೆಯ ಒಬ್ಬ ರೈತ ಸಾಲಕ್ಕೆ ಅಂಜಿ ಜೀವ ಕಳಕೊಂಡ. ಆ ವಾರವೇ ಅವನು ನಮ್ಮ ನಡುವೆ ಕುಳಿತು ದಮಡಿ ಬಾರಿಸಿದ್ದ. ಎರಡು ತಾಸು ಹಾಡಿದ್ದೆವು, ಎಲ್ಲ ದೇವರನ್ನೂ ನೆನೆದಿದ್ದೆವು. ಅವನ ಮನೆಗೆ ವಸೂಲಿಯವರು ಬಂದು ಹೋಗಿದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವನು ಹೇಳಲಿಲ್ಲ. ಸಾಲದ ಮಾತು ನಾಲ್ಕು ಜನರ ಮುಂದೆ ಆಡಬಾರದು ಅನ್ನೋ ನಾಚಿಕೆ. ಹಂತಿ ಹೊಡೆಯೋ ಕಾಲದಲ್ಲಿ ಯಾರ ಕಣದಲ್ಲಿ ಎಷ್ಟು ರಾಶಿ ಅನ್ನೋದು ಊರಿಗೇ ಕಾಣುತ್ತಿತ್ತು. ಈಗ ಲೆಕ್ಕ ಎಲ್ಲ ಮೊಬೈಲಿನ ಒಳಗೆ. ಒಬ್ಬೊಬ್ಬನೂ ತನ್ನ ಗಂಟು ತಾನೇ ಹೊತ್ತು, ತನಗೊಬ್ಬನಿಗೇ ಹೀಗಾಗಿದೆ ಅಂದುಕೊಂಡು ಕುಳಿತಿದ್ದಾನೆ.

ಆ ವರ್ಷದ ಬರದ ಮೇಲೆ, ಸಾಲದ ಮೇಲೆ ನಮ್ಮ ಮೇಳ ಒಂದು ಪದ ಹಾಡುತ್ತಿದ್ದರೆ ಅವನು ಉಳಿಯುತ್ತಿದ್ದ ಅಂತ ನಾನು ಹೇಳಲಾರೆ. ಆದರೆ ಬಾಯಿ ಬಿಡೋದಕ್ಕೆ ಒಂದು ಬಾಗಿಲು ಇರುತ್ತಿತ್ತು. ಒಬ್ಬನ ನಾಚಿಕೆ ಹತ್ತು ಜನರ ಮಾತಾದರೆ ಅದರ ಭಾರ ಇಳಿಯುತ್ತದೆ. ಬೀಸೋ ಕಲ್ಲಿನ ಮುಂದೆ ಕುಳಿತ ನಮ್ಮವ್ವಂದಿರಿಗೆ ಇದು ಗೊತ್ತಿತ್ತು. ಜೊತೆಗೆ ಪದ ಒಂದು ದಾಖಲೆ. ಯಾವ ವರ್ಷ ಮಳೆ ಹೋಯಿತು, ರೇಟು ಎಷ್ಟಿತ್ತು, ಯಾರು ಬಂದು ಏನು ಮಾತು ಕೊಟ್ಟು ಹೋದರು ಅನ್ನೋದು ಕಡತದಲ್ಲಿ ಕಳೆದುಹೋಗುತ್ತದೆ, ಪದದಲ್ಲಿ ಉಳಿಯುತ್ತದೆ.

‘ಭಜನಿ ಇರೋದು ದೇವರಿಗೆ, ಅದರಾಗ ಸಾಲದ ಮಾತ್ಯಾಕ?’ ಅಂತ ನಮ್ಮ ಹಿರಿಯರು ಕೇಳುತ್ತಾರೆ. ದೇವರ ಮುಂದೆ ಹೇಳಲಾರದ ಕಷ್ಟ ಇನ್ನಾರ ಮುಂದೆ ಹೇಳೋದು? ಶರೀಫರು ಸೋರೋ ಮಾಳಿಗೆಯಿಂದಲೇ ಹೊರಟು ದೇವರ ತನಕ ಮುಟ್ಟಿದರು.

ಮಾಡೋದು ಕಷ್ಟ ಅಲ್ಲ

ನಾನು ಹೇಳೋದು ದೊಡ್ಡ ಯೋಜನೆ ಅಲ್ಲ. ಊರಿನ ಪ್ರತಿ ಮೇಳ ವರ್ಷಕ್ಕೆ ಒಂದೇ ಒಂದು ಹೊಸ ಪದ ಕಟ್ಟಲಿ. ಯುಗಾದಿಯ ದಿನ ಗುಡಿಯಲ್ಲಿ ಪಂಚಾಂಗ ಓದುತ್ತೇವೆ, ಬರೋ ವರ್ಷದ ಮಳೆ ಬೆಳೆ ಕೇಳುತ್ತೇವೆ. ಅದೇ ಕಟ್ಟೆಯ ಮೇಲೆ ಹೋದ ವರ್ಷದ ಮಳೆ, ಬೆಳೆ, ರೇಟು, ಸಾಲ ಏನಾಯಿತು ಅನ್ನೋದನ್ನು ಒಂದು ಪದದಲ್ಲಿ ಹಾಡಲಿ. ಧಾಟಿ ಹಳೆಯದೇ ಇರಲಿ. ಪಲ್ಲವಿ, ನುಡಿ, ಕೊನೆಗೆ ಊರ ದೇವರ ಅಂಕಿತ. ಕಟ್ಟೋ ಕ್ರಮ ನಮ್ಮ ಜನಕ್ಕೆ ರಕ್ತದಲ್ಲಿ ಇದೆ.

ಗೀಗೀ ಮೇಳದವರಿಗೆ ಇನ್ನೂ ಸುಲಭ. ಹರದೇಶಿ ನಾಗೇಶಿ ಅಂತ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ವಾದ ಹಾಕೋ ಪದ್ಧತಿ ಅವರಲ್ಲಿ ಇದೆ. ಅದೇ ಅಚ್ಚಿನಲ್ಲಿ ಎತ್ತಿಗೂ ಟ್ರ್ಯಾಕ್ಟರಿಗೂ ವಾದ ಹಾಕಲಿ. ಮಳೆಗೂ ಬೋರಿಗೂ ಹಾಕಲಿ. ಮನೆಯ ಬೀಜಕ್ಕೂ ಪೇಟೆಯ ಬೀಜಕ್ಕೂ ಹಾಕಲಿ. ಎರಡೂ ಕಡೆಯ ನ್ಯಾಯ ಹೇಳಲಿ, ತೀರ್ಪನ್ನು ಕೇಳೋರಿಗೆ ಬಿಡಲಿ. ಒಂದು ಕೃಷಿ ತರಬೇತಿಗಿಂತ ಹೆಚ್ಚು ಜನ ಕುಳಿತು ಕೇಳುತ್ತಾರೆ.

ಹೆಣ್ಣುಮಕ್ಕಳನ್ನು ಬಿಟ್ಟು ಇದು ಆಗೋದಿಲ್ಲ. ವಾರದ ಕಂತಿನ ಸಾಲದ ಕಾಟ ಹೆಚ್ಚು ಕಂಡವರು ಅವರು. 2025ರ ಫೆಬ್ರವರಿಯಲ್ಲಿ ಸರ್ಕಾರ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯೋಕೆ ಸುಗ್ರೀವಾಜ್ಞೆ ತರಬೇಕಾಯಿತು ಅಂದರೆ ಅದರ ಕಾವು ಎಷ್ಟಿತ್ತು ತಿಳಿಯಿರಿ. ಸ್ವಸಹಾಯ ಸಂಘದ ಸಭೆಯಲ್ಲಿ ಕುಳಿತ ಹದಿನೈದು ಜನರಲ್ಲಿ ಸೋಬಾನೆ ಬಲ್ಲವರು ನಾಲ್ವರು ಇದ್ದೇ ಇರುತ್ತಾರೆ. ಅತ್ತೆಯ ಮೇಲೆ ಪದ ಕಟ್ಟಿದವರ ಮೊಮ್ಮಕ್ಕಳು ಕಂತಿನ ಮೇಲೆ ಕಟ್ಟಲಾರರೇ?

ಸ್ಪರ್ಧೆ ನಡೆಸೋರಿಗೆ ಒಂದು ವಿನಂತಿ. ನೂರು ಅಂಕದಲ್ಲಿ ಇಪ್ಪತ್ತು ಅಂಕ ಹೊಸ ಪದಕ್ಕೆ ತೆಗೆದಿಡಿ. ನಮ್ಮ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯ ಇದೆ. ಜಾನಪದಕ್ಕಾಗಿಯೇ ಒಂದು ವಿಶ್ವವಿದ್ಯಾಲಯ ನಮ್ಮ ಹೊಲಗಳ ನಡುವೆ ಇರೋದು ನಮಗೆ ಹೆಮ್ಮೆ. ಅಲ್ಲಿಯ ವಿದ್ಯಾರ್ಥಿಗಳು ಮುದುಕರ ಹತ್ತಿರ ಹಳೆಯ ಪದ ಕೇಳೋಕೆ ಬಂದಾಗ, ‘ಈ ವರ್ಷ ಏನು ಕಟ್ಟಿದ್ದೀರಿ?’ ಅಂತಲೂ ಒಂದು ಮಾತು ಕೇಳಲಿ. ಕೇಳೋರಿದ್ದಾರೆ ಅಂದರೆ ಕಟ್ಟೋರು ಹುಟ್ಟುತ್ತಾರೆ. 1950ರಿಂದ ನಮ್ಮ ಹೊಲಗಳ ಮೇಲೆ ಹಾಯ್ದು ಬರೋ ಧಾರವಾಡ ಆಕಾಶವಾಣಿಯೂ ಅಂಥ ಪದಕ್ಕೆ ಹತ್ತು ನಿಮಿಷ ಕೊಟ್ಟರೆ ಸಾಕು.

ಕಟ್ಟಿದ ಪದವನ್ನು ಒಂದು ನೋಟಬುಕ್ಕಿನಲ್ಲಿ ಬರೆದು, ಕೆಳಗೆ ಊರಿನ ಹೆಸರು, ವರ್ಷ, ಆ ವರ್ಷ ಬಿದ್ದ ಮಳೆ, ಮುಖ್ಯ ಪೀಕಿನ ರೇಟು ಹಾಕಿಡಿ. ನಮ್ಮ ಮೇಳ ಬರೋ ಯುಗಾದಿಗೆ ಗೋವಿನಜೋಳದ ಪದ ಹಾಡೋದು ಅಂತ ಗೊತ್ತು ಮಾಡಿದೆ. ಅಂಕ ಕಳಕೊಂಡ ಆ ಹುಡುಗನನ್ನೇ ಕಟ್ಟೋಕೆ ಕೇಳಿದ್ದೇವೆ, ಎರಡು ನುಡಿ ಆಗಿವೆಯಂತೆ. ನಿಮ್ಮೂರಲ್ಲಿ ಅಡಿಕೆಗೆ, ಶುಂಠಿಗೆ, ತೊಗರಿಗೆ ಏನಾಗಿದೆಯೋ ನಿಮ್ಮ ಮೇಳದವರಿಗೂ ಹೇಳಿ ನೋಡಿ.